ನಾಲ್ಕು ಗಂಟೆಯ ಬೆಂಕಿ

ಸಂಜೆ ನಾಲ್ಕು ಗಂಟೆಯಾಗುತ್ತಿದ್ದಂತೆ ನನ್ನ ಭಾವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮದುವೆ ಮನೆಯಾಗಲಿ, ಆಸ್ಪತ್ರೆಯ ಬೆಂಚಾಗಲಿ, ಮೂರೂ ಐವತ್ತಕ್ಕೆ ಎದ್ದು ನಿಂತು ಜೇಬು ತಡಕುತ್ತಿದ್ದರು, ಬೆಂಕಿಪೊಟ್ಟಣ ಇದೆಯೋ ಇಲ್ಲವೋ ಎಂದು. ಬೀಡಿ ಸಿಗರೇಟು ಮುಟ್ಟಿದವರಲ್ಲ. ನನ್ನ ಮದುವೆಯ ಮನೆಮಂದಿ ಫೋಟೋದಲ್ಲಿ ಅವರೊಬ್ಬರೇ ಇಲ್ಲ. ಫೋಟೋ ತೆಗೆದದ್ದು ನಾಲ್ಕೂ ಕಾಲಿಗೆ. ನನ್ನ ಹೆಂಡತಿ ಆ ಫೋಟೋ ನೋಡಿದಾಗಲೆಲ್ಲ ಇವತ್ತಿಗೂ ಮೂಗು ಮುರಿಯುತ್ತಾಳೆ.

ಭಾವ ಕೆಲಸ ಮಾಡುತ್ತಿದ್ದದ್ದು ಗೋದಾಮುಗಳ ಹಿಂದಿನ ರಸ್ತೆಯಲ್ಲಿದ್ದ ಒಂದು ಸುಟ್ಟ ಮಾಂಸದ ಹೋಟೆಲಿನಲ್ಲಿ. ಅದೇ ಹೋಟೆಲಿನಲ್ಲಿ ನಾನು ಸಪ್ಲೈಯರ್. ಭಾವನಿಗೆ ಅಲ್ಲಿ ಇಪ್ಪತ್ತೊಂಬತ್ತು ವರ್ಷ, ನನಗೆ ಇಪ್ಪತ್ತೆರಡು. ಅಕ್ಕನ ಗಂಡನ ಶಿಫಾರಸಿನ ಮೇಲೆ ಸೇರಿದವನು ಎಂದು ಮೊದಲ ಐದು ವರ್ಷ ಎಲ್ಲರೂ ನನ್ನನ್ನು ಆಡಿಕೊಂಡರು. ಆಮೇಲೆ ಆಡಿಕೊಳ್ಳುವವರೆಲ್ಲ ಬಿಟ್ಟು ಹೋದರು, ನಾನು ಉಳಿದೆ.

ಹೋಟೆಲು ಕಟ್ಟಿದ ದೊಡ್ಡ ಯಜಮಾನರು ಮೊದಲು ಕಾರ್ಖಾನೆಗಳ ಬಾಯ್ಲರ್ ರಿಪೇರಿ ಮಾಡುತ್ತಿದ್ದವರು. ಒಂದು ಹಳೆಯ ಗ್ಯಾರೇಜಿನ ಹಿತ್ತಲಲ್ಲಿ ಎದೆಮಟ್ಟದ ಹೊಂಡ ತೋಡಿ, ಒಳಗೆ ಇಟ್ಟಿಗೆ ಕಟ್ಟಿ, ಕೆಟ್ಟ ಬಾಯ್ಲರಿನ ಬಾಗಿಲನ್ನೇ ಮೇಲೆ ಮುಚ್ಚಳ ಮಾಡಿದರು. ನಾಲ್ಕು ಗಂಟೆಗೆ ಸೌದೆ ಹೊತ್ತಿಸಬೇಕು. ಎಂಟರ ಹೊತ್ತಿಗೆ ಅದು ಉರಿದು ಕೆಂಡವಾಗಬೇಕು. ಆಗ ಕುರಿಯ ತೊಡೆಗಳನ್ನು ಇಳಿಬಿಟ್ಟು, ಮುಚ್ಚಳ ಎಳೆದು, ಸಂದಿಗೆಲ್ಲ ಒದ್ದೆ ಮರಳು ಮೆತ್ತಿ ಮನೆಗೆ ಹೋಗುವುದು. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ತೆಗೆಯುವುದು. ಹದಿನಾಲ್ಕು ಗಂಟೆ. ಉಪ್ಪು, ಮೆಣಸು, ಹೊಗೆ ಬಿಟ್ಟರೆ ಬೇರೇನೂ ಇಲ್ಲ. ಜೊತೆಗೆ ಒಂದು ದಪ್ಪ ಬ್ರೆಡ್ಡಿನ ತುಂಡು, ಈರುಳ್ಳಿ.

ಮೊದಲು ಬಂದವರು ಲಾರಿ ಡ್ರೈವರುಗಳು. ಆಮೇಲೆ ಗೋದಾಮಿನ ಗುಮಾಸ್ತರು, ಅವರ ಹಿಂದೆ ಅವರ ಹೆಂಡತಿ ಮಕ್ಕಳು, ಸಿನಿಮಾ ಬಿಟ್ಟವರು, ಪೇಪರಿನವರು. ಒಂದು ಕಾಲದಲ್ಲಿ ಭಾನುವಾರದ ಸಾಲು ಗೋದಾಮಿನ ಗೇಟು ದಾಟಿ ತಿರುವಿನ ತನಕ ಹೋಗುತ್ತಿತ್ತು. ಗಿರಾಕಿಗಳು ಕಣ್ಣಲ್ಲೇ ನೋಡದ ಭಾವನಿಗೆ 'ಹೊಂಡದ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಭಾವ ಹಿತ್ತಲು ಬಿಟ್ಟು ಹಾಲಿಗೆ ಬಂದವರೇ ಅಲ್ಲ. ಮನೆಯವರು ಗಿರಾಕಿಗಳ ಕುರ್ಚಿಯಲ್ಲಿ ಕೂರಬಾರದು ಎಂಬುದೂ ಅವರದೇ ಕಾನೂನು. ಅಕ್ಕನಿಗೆ ಮೂಳೆಯ ಹತ್ತಿರದ ಒಂದೆರಡು ಚೂರನ್ನು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಅಕ್ಕ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಹೊಲಿಗೆ ಮುಗಿಸಿ ತಿನ್ನುವಷ್ಟರಲ್ಲಿ ಅದು ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು.

ದೊಡ್ಡ ಯಜಮಾನರು ಹೋದಮೇಲೆ ಮಗಳು ಬಂದು ಗಲ್ಲಾದಲ್ಲಿ ಕೂತಳು. ಒಳ್ಳೆಯವಳು, ಆದರೆ ಒಂದು ನಿರ್ಧಾರಕ್ಕೆ ಹತ್ತು ಸಲ ಎದ್ದು ಕೂರುವವಳು. ಅಷ್ಟರಲ್ಲಿ ಗೋದಾಮುಗಳು ಊರಾಚೆ ಹೋದವು, ಬಸ್ ಸ್ಟಾಪು ಮುಂದಿನ ರಸ್ತೆಗೆ ಹೋಯಿತು. ಗಿರಾಕಿಗಳು ಎಲ್ಲಿ ಹೋದರೋ ನನಗಂತೂ ಗೊತ್ತಿಲ್ಲ. ನಲವತ್ತು ಟೇಬಲ್ಲು ಒರೆಸುವುದು, ಏಳು ಟೇಬಲ್ಲಿಗೆ ಬಡಿಸುವುದು. ಖಾಲಿ ಹಾಲಿನಲ್ಲಿ ಓಡಾಡಿದಷ್ಟು ಕಾಲು ನೋವು ಬೇರೆ ಯಾವುದರಲ್ಲೂ ಬರುವುದಿಲ್ಲ. ಕಡೆಗೆ ಕಟ್ಟಡದ ಮಾಲೀಕರು ಜಾಗ ಕೆಡವುತ್ತೇವೆ, ಮುಂದಿನ ತಿಂಗಳು ಒಂದನೇ ತಾರೀಖು ಸಂಜೆ ಬೀಗದ ಕೈ ಕೊಡಿ ಎಂದರು. ಯಜಮಾನಿ ಹೊರಗಿನ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದಳು: 'ಇದೇ ತಿಂಗಳು ನಾಲ್ಕನೇ ತಾರೀಖು ಭಾನುವಾರ ಕೊನೆಯ ದಿನ. ಇಷ್ಟು ವರ್ಷದ ಪ್ರೀತಿಗೆ ವಂದನೆ.'

ಭಾವನಿಗೆ ಆಗ ಐವತ್ತೇಳು. ಆ ವಯಸ್ಸಿನ ಬೆಂಕಿಯವನನ್ನು ಯಾರು ಕರೆಯುತ್ತಾರೆ? ಆದರೂ ಅದೃಷ್ಟಕ್ಕೆ ಒಂದು ಕಡೆ ಕರೆದರು. ನದಿಯಾಚೆ ಹೊಸ ಹೋಟೆಲು, ಗಾಜಿನ ಗೋಡೆ, ಗೋಡೆಯ ಹಿಂದೆ ಗಿರಾಕಿಗಳಿಗೆ ಕಾಣುವಂತೆ ಕಟ್ಟಿದ ಹೊಂಡ. ವಾರಕ್ಕೊಂದು ರಜ, ಸಂಜೆ ಆರಕ್ಕೆ ಮನೆ. ಮುಂದಿನ ತಿಂಗಳು ಅದೇ ಒಂದನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಮೊದಲ ಬೆಂಕಿ ಹೊತ್ತಿಸುವವರು ಭಾವ. ಅಳತೆಗೆಂದು ಬಿಳಿ ಕೋಟು ಕಳಿಸಿದ್ದರು. ಭುಜ ಸಡಿಲವಾಗಿತ್ತು. ಅಕ್ಕ ರಾತ್ರೋರಾತ್ರಿ ಬಿಚ್ಚಿ ಹೊಲಿದು, ಇಸ್ತ್ರಿ ಹಾಕಿ ತೂಗುಹಾಕಿದಳು. ಬರುವವರು ಹೋಗುವವರಿಗೆಲ್ಲ ಆ ಕೋಟು ತೋರಿಸಿದಳು. ಅಕ್ಕ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಇಷ್ಟಾಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮುಚ್ಚುತ್ತಾರೆ ಎಂಬ ಸುದ್ದಿ ಬಿದ್ದದ್ದೇ ತಡ, ಜನ ಬಂದರು. ಎಂಥ ಜನ! ಎಂಟು ವರ್ಷದಿಂದ ಈ ಕಡೆ ತಲೆ ಹಾಕದವರು, ಮುಂದಿನ ರಸ್ತೆಯಲ್ಲೇ ಮನೆಯಿದ್ದೂ ಬೇರೆ ಕಡೆಯಿಂದ ಊಟ ತರಿಸಿಕೊಳ್ಳುತ್ತಿದ್ದವರು, ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತ ಸಾಲಲ್ಲಿ ನಿಂತರು. ಬೋರ್ಡಿನ ಮುಂದೆ ಫೋಟೋ, ಹಿತ್ತಲ ಬಾಗಿಲಲ್ಲಿ ಫೋಟೋ, ನನ್ನ ಜೊತೆಯೂ ಫೋಟೋ. "ಹೆಂಗಪ್ಪಾ ಮುಚ್ತೀರಾ, ನಮ್ ಬಾಲ್ಯಾನೇ ಇಲ್ಲಿದೆ" ಎಂದ ಒಬ್ಬ. ಬಾಲ್ಯ ಇಲ್ಲಿ ಬಿಟ್ಟು ಹೋಗಿದ್ದೆಯಲ್ಲ ಮಾರಾಯ, ಆಗಾಗ ಬಂದು ನೋಡಿಕೊಂಡು ಹೋಗಬೇಕಿತ್ತು ಎಂದು ಬಾಯಿಗೆ ಬಂತು. ನುಂಗಿಕೊಂಡೆ.

ನಾಲ್ಕನೇ ತಾರೀಖು ಸಂಜೆ ನಾಲ್ಕಕ್ಕೆ ಯಜಮಾನಿ ಹಿತ್ತಲಿಗೆ ಬಂದಳು. ಭಾವ ಖಾಲಿ ಹೊಂಡದ ಪಕ್ಕ ಕೈ ಕಟ್ಟಿ ನಿಂತಿದ್ದರು.

"ಅಣ್ಣ, ಜನ ನೋಡಿದ್ರಾ? ಇನ್ನೊಂದು ವಾರ ನಡೆಸೋಣ ಅಂತ."

"ಅಮ್ಮ, ಕೊನೆ ಅಂತ ಬರೆದಾಗಿದೆ."

"ಅಳಿಸಿ ಬರೆದ್ರಾಯ್ತು. ನೀವು ಹಚ್ಚಿದ್ರೆ ತಾನೇ ನಾಳೆ ಹೋಟ್ಲು. ಹಚ್ಚಿ ಅಣ್ಣ, ನನಗೋಸ್ಕರ."

ಭಾವ ಹಚ್ಚಿದರು. ಹನ್ನೊಂದಕ್ಕೆ ಅದೇ ಮಾತು, ಹದಿನೆಂಟಕ್ಕೆ ಅದೇ, ಇಪ್ಪತ್ತೈದಕ್ಕೂ ಅದೇ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮುಚ್ಚುತ್ತದೋ ಇಲ್ಲವೋ ಎಂದು ನಮ್ಮ ಜೀವ ಹಿಡಿಯಷ್ಟಾಗುತ್ತಿತ್ತು. ಅತ್ತ ಹೊಸ ಹೋಟೆಲಿನ ಮ್ಯಾನೇಜರಿಂದ ದಿನ ಬಿಟ್ಟು ದಿನ ಫೋನು. "ಸಾರ್, ಬರ್ತೀರಿ ತಾನೆ? ಇನ್ನೊಬ್ರು ರೆಡಿ ಇದಾರೆ ಸಾರ್, ಬರಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ." ಭಾವ ಬರುತ್ತೇನೆ ಎನ್ನುವರು. ಇತ್ತ ಅಕ್ಕ, "ನಿಮ್ಮ ಯಜಮಾನಿಗೆ ಹೇಳೋಕಾಗಲ್ವಾ? ನಾನೇ ಬಂದು ಹೇಳ್ಲಾ?" ಎಂದು ಕತ್ತರಿ ಹಿಡಿದುಕೊಂಡೇ ಕೇಳುವಳು. ನಡುವೆ ಸಿಕ್ಕ ಭಾವ ಮುಳ್ಳಿನ ಮೇಲೆ ನಿಂತಂತೆ ನಿಂತು ಅಂಗೈ ಕೆರೆದುಕೊಳ್ಳುವರು. ನಿದ್ದೆ ಹೋಗಿತ್ತು. ಮೂರು ಸಲ ಮುಚ್ಚಳದ ಕೆಳಗೆ ಬೆರಳು ಸಿಕ್ಕಿಸಿಕೊಂಡರು.

ಇಪ್ಪತ್ತೈದರ ನಂತರ ಇನ್ನೊಂದು ಕೆಡುಕಾಯಿತು. ಒಂದು ಹೊಂಡದ ಮಾಂಸ ಮಧ್ಯಾಹ್ನಕ್ಕೇ ಖಾಲಿ. ರಾತ್ರಿ ಬಂದವರು ವಾಪಸು. ಯಜಮಾನಿ ದಿನಕ್ಕೆ ಎರಡು ಸಲ ಹೊಂಡ ತುಂಬೋಣ ಎಂದಳು. ಎರಡು ಸಲ ತುಂಬಿದರೆ ಒಂದೊಂದಕ್ಕೆ ಸಿಗುವುದು ಏಳೇ ಗಂಟೆ.

"ಏಳು ಗಂಟೇಲಿ ಬೇಯುತ್ತೆ, ಆದ್ರೆ ಹದ ಬರಲ್ಲ" ಎಂದರು ಭಾವ.

"ಒಂದು ವಾರದ ಮಾತು ಅಣ್ಣ. ಅಷ್ಟು ದೂರದಿಂದ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸೋದಾ?"

ಭಾವನಿಗೆ ಇಲ್ಲವೆನ್ನಲು ಬರುವುದಿಲ್ಲ. ಇದು ಗುಣವೋ ರೋಗವೋ ನನಗೆ ಇವತ್ತಿಗೂ ತಿಳಿದಿಲ್ಲ. ಮೆಣಸು ಸ್ವಲ್ಪ ಜಾಸ್ತಿ ಉಜ್ಜಿ, ಹಸಿ ಸೌದೆ ಎರಡು ತುಂಡು ಹಾಕಿ ಹೊಗೆ ಎಬ್ಬಿಸಿ, ಏಳೇ ಗಂಟೆ ಬೇಯಿಸಿ ತೆಗೆದರು. ಚಾಕು ಹಾಕಿದರೆ ನಾರು ನಾರು. ತಲೆ ತಗ್ಗಿಸಿಕೊಂಡು ನನ್ನ ತಟ್ಟೆಗೆ ಹಾಕಿದರು. ನಾನು ಬಡಿಸಿದೆ. ಇನ್ನೇನು ಯಾರಾದರೂ ಕೂಗುತ್ತಾರೆ ಎಂದುಕೊಂಡರೆ, ಒಬ್ಬರಾದರೂ ಚಕಾರ ಎತ್ತಲಿಲ್ಲ. "ಅಬ್ಬಾ, ಅದೇ ರುಚಿ!" ಎಂದರು. "ಒಂಚೂರೂ ಬದಲಾಗಿಲ್ಲ!" ಎಂದರು. ಒಬ್ಬ ಮುದುಕರು ಬಾಯಲ್ಲಿ ತುಂಡಿಟ್ಟುಕೊಂಡೇ ಅತ್ತರು. ನಾನು ಓಡಿಹೋಗಿ ಭಾವನಿಗೆ ಹೇಳಿದೆ, ಸಮಾಧಾನವಾಗಲಿ ಎಂದು.

ಭಾವನ ಮುಖ ಸುಟ್ಟ ಸೌದೆಯಂತಾಯಿತು. "ಅದೇ ರುಚಿ ಅಂದ್ರಾ?" ಎಂದು ಎರಡು ಸಲ ಕೇಳಿದರು. "ಹಾಗಾದ್ರೆ ನಾನು ಇಪ್ಪತ್ತೊಂಬತ್ತು ವರ್ಷ ಯಾಕೋ ಕಾದೆ?"

ಆರನೇ ಟೇಬಲ್ಲಿನವರು ಕೂಗಿದರು, ಹೋದೆ.

ಮೂವತ್ತೊಂದು, ಶನಿವಾರ. ಈ ಸಲ ಬೋರ್ಡು ಅಳಿಸುವ ಹಾಗಿರಲಿಲ್ಲ. ಅವತ್ತು ಮಧ್ಯಾಹ್ನ ಮೂಲೆಯ ಒಂಟಿ ಟೇಬಲ್ಲಿಗೆ ಕಂಡಕ್ಟರು ಬಂದರು. ಸಿಟಿ ಬಸ್ಸಿನ ಕಂಡಕ್ಟರು. ಹದಿನೆಂಟು ವರ್ಷದಿಂದ ಪ್ರತಿ ಗುರುವಾರ ಬಂದು, ತಿಂದು, ಕೈ ತೊಳೆದು ಹೋಗುವವರು. ಚೆನ್ನಾಗಿದೆ ಎಂದದ್ದೂ ಇಲ್ಲ, ಚೆನ್ನಾಗಿಲ್ಲ ಎಂದದ್ದೂ ಇಲ್ಲ. ಆ ತಿಂಗಳ ಜನಜಾತ್ರೆಯಲ್ಲಿ ಅವರಿಗೆ ಯಾವ ಗುರುವಾರವೂ ಜಾಗ ಸಿಕ್ಕಿರಲಿಲ್ಲ. ಸಾಲು ನೋಡಿ ತಿರುಗಿ ಹೋಗಿದ್ದರು. ಕೊನೆಯ ದಿನವೆಂದು ರಜ ಹಾಕಿ ಬಂದಿದ್ದರು. ಒಂದು ತುತ್ತು ತಿಂದರು, ತಟ್ಟೆ ಪಕ್ಕಕ್ಕೆ ಸರಿಸಿದರು.

"ಯಾರು ಮಾಡಿದ್ದು ಇವತ್ತು?"

"ನಮ್ ಭಾವನೇ."

"ಅವ್ರಲ್ಲ ಬಿಡಪ್ಪ. ಅರ್ಧ ದಾರೀಲೇ ಇಳಿಸಿಬಿಟ್ಟಿದ್ದೀರಿ ಇದನ್ನ."

ನನ್ನ ಬಾಯಿಗೆ ಬೀಗವಿದ್ದರೆ ಎಷ್ಟೋ ಒಳ್ಳೆಯದಿತ್ತು. ಸೀದಾ ಹೋಗಿ ಭಾವನಿಗೆ ಹೇಳಿದೆ. ಭಾವ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹಾಲಿಗೆ ಬಂದರು. ಬೂದಿ ಮೆತ್ತಿದ ಕಾಲಲ್ಲಿ ಟೇಬಲ್ಲುಗಳ ನಡುವೆ ನಡೆದು ಕಂಡಕ್ಟರ ಮುಂದೆ ನಿಂತರು.

"ಎಷ್ಟು ಕಮ್ಮಿ ಅನ್ನಿಸ್ತು ತಮಗೆ?"

ಕಂಡಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅರ್ಧಕ್ಕರ್ಧ."

"ಹೌದು. ಏಳು ಗಂಟೆ."

"ನನಗೇನೂ ಕೋಪ ಇಲ್ಲ ಮೇಷ್ಟ್ರೇ. ಇವತ್ತೇ ಕೊನೆ ಅಂತ ಬಂದೆ. ಇನ್ನು ಈ ರುಚೀನೇ ನೆನಪಿಟ್ಕೊಂಡಿರ್ಬೇಕಲ್ಲ, ಅದೊಂದೇ ಬೇಜಾರು."

ಭಾವನ ಕಣ್ಣಲ್ಲಿ ನೀರು ಬಂತು. ನನಗೆ ಗಾಬರಿಯಾಯಿತು, ಆದರೆ ಅದು ದುಃಖದ್ದಲ್ಲ. ಕೊನೆಗೂ ಒಬ್ಬನಿಗೆ ಗೊತ್ತಾಯಿತಲ್ಲ ಎಂಬ ಸಂತೋಷ, ಅದರ ಬೆನ್ನಿಗೇ ನಾಚಿಕೆ.

ಮೂರೂ ಐವತ್ತಕ್ಕೆ ಯಜಮಾನಿ ಅಪ್ಪನ ಫೋಟೋ ಗೋಡೆಯಿಂದ ಇಳಿಸಿ ಹಿತ್ತಲಿಗೆ ತಂದಳು. "ಆಯ್ತು ಅಣ್ಣ, ಮುಗೀತು. ಎಲ್ರೂ ಖುಷಿಯಾಗಿ ಹೋದ್ರು. ನಾಳೆ ನಿಮಗೆ ಹೊಸ ಕೆಲ್ಸ, ಬೇಗ ಮನೆಗೆ ಹೋಗಿ" ಎಂದಳು. ತಿಂಗಳಿಂದ ನಾವು ಕಾಯುತ್ತಿದ್ದ ಮಾತು. ಭಾವ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು.

"ಇನ್ನೆಷ್ಟು ತೊಡೆ ಉಳಿದಿದೆ ಅಮ್ಮ?"

"ಮೂರು ಇರ್ಬೇಕು. ಯಾಕೆ?"

"ಹಚ್ತೀನಿ."

"ಅಣ್ಣ, ನಾಳೆ ಹೋಟ್ಲಿಲ್ಲ. ಯಾರೂ ಬರಲ್ಲ. ಸಂಜೆ ಬೀಗ ಕೊಡ್ಬೇಕು."

"ಸಂಜೆ ತಾನೆ? ಹತ್ತಕ್ಕೆ ತೆಗೀತೀನಿ. ಕೆಟ್ಟ ಅಡುಗೆ ಮಾಡಿ ಈ ಹೊಂಡ ಮುಚ್ಚೋಕೆ ನನ್ನ ಕೈಲಾಗಲ್ಲ."

ನಾನು ಅಡ್ಡ ಬಂದೆ. "ಭಾವ, ಹತ್ತಕ್ಕೆ ನೀವು ನದಿಯಾಚೆ ಇರ್ಬೇಕು! ಈಗ ಮುಚ್ಚಿಟ್ಟು ಹೋಗಿ, ಬೆಳಿಗ್ಗೆ ನಾನು ತೆಗೀತೀನಿ."

ಭಾವ ನನ್ನನ್ನೊಮ್ಮೆ ನೋಡಿದರು. ಹಿಂದೊಮ್ಮೆ ನಾನು ಮುಚ್ಚಳ ಎಳೆದು, ಅಂಚಿನ ಮರಳು, ಬೂದಿಯೆಲ್ಲ ಆರು ತೊಡೆಗಳ ಮೇಲೆ ಸುರಿದದ್ದು ಅವರಿಗೂ ಮರೆತಿಲ್ಲ, ನನಗೂ ಮರೆತಿಲ್ಲ. ಕಡ್ಡಿ ಗೀರಿದರು.

ಅವತ್ತು ಮನೆಯಲ್ಲಿ ಏನಾಯಿತೆಂದು ಬರೆಯುವುದು ಬೇಡ. ಅಕ್ಕ ಕೂಗಾಡಿದ್ದರೆ ಪರವಾಗಿಲ್ಲ ಎನ್ನಿಸುವಷ್ಟು ಸುಮ್ಮನಿದ್ದಳು. ಬೆಳಿಗ್ಗೆ ಭಾವ ಎಂಟಕ್ಕೇ ಹೊಂಡದ ಕಡೆಗೆ ಹೊರಟರು. ಹೊರಡುವಾಗ ನನ್ನನ್ನು ಕರೆದು, "ಆ ಕಂಡಕ್ಟರನ್ನ ಹುಡುಕ್ಕೊಂಡು ಬಾ" ಎಂದರು.

ಹೆಸರಿಲ್ಲ, ಬಸ್ಸಿನ ನಂಬರಿಲ್ಲ. ಡಿಪೋದಲ್ಲಿ ಕೇಳಿದರೆ ಇಲ್ಲಿ ಮುನ್ನೂರು ಕಂಡಕ್ಟರುಗಳಿದ್ದಾರೆ, ಯಾವನು ಬೇಕು ಎಂದರು. ಮೂಗಿನ ಪಕ್ಕ ಮಚ್ಚೆ, ಮಾತು ಕಮ್ಮಿ ಎಂದೆ. ಮಾತು ಕಮ್ಮಿ ಎಂದ ಕೂಡಲೇ ಟೈಮ್‌ಕೀಪರಿಗೆ ಗೊತ್ತಾಯಿತು. ಮಾರ್ಕೆಟ್ ರೂಟು. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಮೂರು ಬಸ್ಸು ಹತ್ತಿ ಇಳಿದೆ. ನಾಲ್ಕನೆಯದರಲ್ಲಿ ಸಿಕ್ಕರು. "ಹದಿನಾಲ್ಕು ಗಂಟೆದು" ಎಂದೆ, ಏದುಸಿರಲ್ಲಿ. ಅವರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಹನ್ನೊಂದಕ್ಕೆ ನನಗೆ ಅರ್ಧ ಗಂಟೆ ಬಿಡುವಿದೆ" ಎಂದರು.

ನಾನು ಹಿತ್ತಲಿಗೆ ಮುಟ್ಟುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷ. ಅಕ್ಕ ಅಲ್ಲಿದ್ದಳು. ಇಸ್ತ್ರಿ ಮಾಡಿದ ಬಿಳಿ ಕೋಟು ತೋಳ ಮೇಲಿತ್ತು. ಹೊರಗೆ ಆಟೋ ನಿಲ್ಲಿಸಿಕೊಂಡು ಬಂದಿದ್ದಳು.

"ರೀ, ಇನ್ನೂ ಟೈಮಿದೆ. ಸ್ವಲ್ಪ ಲೇಟಾದ್ರೂ ಕೈಕಾಲು ಹಿಡ್ಕೊಂಡು ಹೇಳೋಣ. ಬನ್ನಿ."

"ಐದು ನಿಮಿಷ ಇರು" ಎಂದರು ಭಾವ. ಅಂಗೈಯನ್ನು ಮುಚ್ಚಳದ ಮೇಲೆ ಇಟ್ಟಿದ್ದರು.

ಫೋನು ಹೊಡೆದುಕೊಂಡಿತು. ಭಾವ ತಿರುಗಿಯೂ ನೋಡಲಿಲ್ಲ. ನಿಂತು ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲ ಅಕ್ಕನೇ ಎತ್ತಿಕೊಂಡಳು. "ಬರ್ತಾರೆ, ಹೊರಟ್ರು" ಎಂದಳು. ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. "ಸರಿ" ಎಂದಳು. ಫೋನು ಇಟ್ಟು, ಕೋಟನ್ನು ನಾಲ್ಕು ಮಡಿಕೆ ಮಾಡಿ ಸೌದೆಯ ರಾಶಿಯ ಮೇಲಿಟ್ಟಳು.

"ಆ ಇನ್ನೊಬ್ಬ ಹಚ್ಚಿದ್ನಂತೆ."

ಭಾವ ಮರಳು ಕೆರೆದು, ಇಕ್ಕಳದಿಂದ ಮುಚ್ಚಳವನ್ನು ಒಂದು ಕಡೆಗೆ, ತಮ್ಮ ಕಡೆಗೆ, ನಿಧಾನವಾಗಿ ಸರಿಸಿದರು. ಒಂದು ಕಾಳು ಮರಳೂ ಒಳಗೆ ಬೀಳಲಿಲ್ಲ. ವಾಸನೆ ಎದ್ದು ಹಿತ್ತಲು ತುಂಬಿತು. ಯಜಮಾನಿ ಗಲ್ಲಾ ಬಿಟ್ಟು ಓಡಿ ಬಂದಳು. ನನಗೆ ಇಪ್ಪತ್ತೆರಡು ವರ್ಷದ ವಾಸನೆ ಅದು, ಆದರೂ ಹೊಟ್ಟೆ ಚುರ್ರೆಂದಿತು.

ಕಂಡಕ್ಟರು ಹನ್ನೊಂದಕ್ಕೆ ಚೀಲ ಹೆಗಲಿಗೆ ಹಾಕಿಕೊಂಡೇ ಬಂದರು. ಹಾಲಿನಲ್ಲಿ ಕುರ್ಚಿಗಳೆಲ್ಲ ಟೇಬಲ್ಲಿನ ಮೇಲೆ ತಲೆಕೆಳಗಾಗಿದ್ದವು. ನಾನು ಮೂಲೆಯದನ್ನು ಇಳಿಸಿದೆ. ಅವರು ತಿಂದರು, ಮೂಳೆಯನ್ನೂ ಬಿಡದೆ. ಕೈ ತೊಳೆದು ಬಂದು, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಭಾವನಿಗೆ, "ಇದು ಸಾಕು ಮೇಷ್ಟ್ರೇ, ನೆನಪಿಟ್ಕೋತೀನಿ" ಎಂದು ಹೇಳಿ ಬಸ್ಸಿಗೆ ಓಡಿದರು.

ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಆಟೋ ಹೋಗಿಯಾಗಿತ್ತು. ಭಾವ ಅವಳ ಮುಖ ನೋಡಲಾರದೆ ನೆಲ ನೋಡುತ್ತ, ಇನ್ನೊಂದು ಕುರ್ಚಿಯನ್ನು ತಾವೇ ಇಳಿಸಿದರು. ಗಿರಾಕಿಗಳ ಕುರ್ಚಿ. ಅಂಗಿಯ ತುದಿಯಿಂದ ಒರೆಸಿದರು. ಅಕ್ಕ ಕೂತಳು. ಭಾವ ಒಳಗಿನ ಮೆತ್ತನೆಯ ಭಾಗ ಕತ್ತರಿಸಿ ತಂದು ತಟ್ಟೆಗೆ ಹಾಕಿದರು. ಇನ್ನೂ ಹಬೆಯಾಡುತ್ತಿತ್ತು. ಅಕ್ಕ ಬೆರಳಿನಿಂದ ಮುಟ್ಟಿದ್ದೇ ಮಾಂಸ ಎಳೆಎಳೆಯಾಗಿ ಬಿಟ್ಟುಕೊಂಡಿತು. ಬಾಯಿಗೆ ಹಾಕಿಕೊಂಡಳು. ತುಂಬ ಹೊತ್ತು ಅಗಿಯುತ್ತಲೇ ಇದ್ದಳು, ಅಗಿಯಲು ಏನೂ ಇರಲಿಲ್ಲ.

"ಇದಾ?" ಎಂದಳು. "ಇಷ್ಟು ವರ್ಷ ನೀವು ಮಾಡ್ತಿದ್ದಿದ್ದು ಇದಾ?"

"ಹೂಂ."

"ಮತ್ತೆ ನನಗೆ ತಂದುಕೊಡ್ತಿದ್ದಿದ್ದು?"

"ಅದೂ ಇದೇ. ಆರಿ ಹೋಗಿರ್ತಿತ್ತು."

ಅಕ್ಕನ ಕಣ್ಣು ತುಂಬಿತು. ಕೆಲಸ ಹೋದದ್ದಕ್ಕೆ ಆಗಲೂ ಅವಳು ಒಂದು ಮಾತೂ ಎತ್ತಲಿಲ್ಲ. "ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ದಿನ ನನ್ನ ಇಲ್ಲಿಗೆ ಕರೀಬೇಕು ಅನ್ನಿಸ್ಲಿಲ್ವಾ ನಿಮಗೆ?"

ಭಾವ ಚಾಕು ಹಿಡಿದು ಹಾಗೇ ನಿಂತರು. ಊರಿಗೆಲ್ಲ ಬಿಸಿ ಬಿಸಿ ಬಡಿಸಿದ ನನಗೂ ಇದು ಹೊಳೆದಿರಲಿಲ್ಲವಲ್ಲ ಎಂದು ನನ್ನ ಮುಖಕ್ಕೆ ಹೊಡೆದಂತಾಯಿತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ತಟ್ಟೆಯನ್ನು ಗಂಡನ ಕಡೆಗೆ ತಳ್ಳಿದಳು.

"ನಿಂತ್ಕೊಂಡು ಏನ್ ನೋಡ್ತೀರಿ? ಇನ್ನೊಂದು ಹಾಕಿ, ಆರೋಕ್ ಮುಂಚೆ. ನೀವೂ ಕೂತ್ಕೊಳ್ಳಿ."

ನಾನು ಇನ್ನೊಂದು ಕುರ್ಚಿ ಇಳಿಸಿದೆ.